ಕರೆದವರ ಕೈಗೆ ಅಳತೆಗೋಲು: ಕರ್ನಾಟಕದ ಹಾಲು ಸಹಕಾರದ ಅರ್ಧ ಶತಮಾನ

ಗುಜರಾತಿನ ಆನಂದ್ ಮಾದರಿಯ ಹಾಲು ಉತ್ಪಾದಕರ ಸಹಕಾರ ಸಂಘಗಳು ಕರ್ನಾಟಕದ ಹಳ್ಳಿಗಳಿಗೆ ಬಂದು 50 ವರ್ಷ ತುಂಬಿದೆ. 1974–75ರಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ಶುರುವಾದ ಕೆಲಸ ಇಂದು 16 ಒಕ್ಕೂಟಗಳಾಗಿ, ಸುಮಾರು 26 ಲಕ್ಷ ಸದಸ್ಯರ ಬಳಗವಾಗಿ ಬೆಳೆದಿದೆ. ಗುಜರಾತನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಹಾಲು ಸಂಗ್ರಹಿಸುವ ಸಹಕಾರ ವ್ಯವಸ್ಥೆ ನಮ್ಮದು. ಒಂದೆರಡು ಹಸು ಕಟ್ಟಿಕೊಂಡ ಮನೆಗಳೇ ಹೆಚ್ಚಾಗಿರುವ ನಾಡು ಈ ಮಟ್ಟ ಮುಟ್ಟಿದ್ದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ದಾಖಲಿಸಿಡುವುದು ನಮ್ಮ ಕರ್ತವ್ಯ.

ಈ ಬೆಳವಣಿಗೆಗೆ ಎರಡು ಕಾರಣಗಳು ಕೂಡಿಬಂದವು. ಹಾಲನ್ನು ಅಳೆಯುವ, ತಂಪಾಗಿಡುವ, ತಳಿ ಸುಧಾರಿಸುವ ವಿಜ್ಞಾನ ಮೊದಲನೆಯದು. ಆ ವಿಜ್ಞಾನದ ಸಲಕರಣೆಗಳೆಲ್ಲ ಹಾಲು ಹಾಕುವವರ ಒಡೆತನದಲ್ಲೇ ಇರಬೇಕು ಎಂಬ ಸಹಕಾರ ತತ್ವ ಎರಡನೆಯದು. ವಿಜ್ಞಾನ ನಮ್ಮ ನಾಡಿಗೆ ಬಹಳ ಮೊದಲೇ ಬಂದಿತ್ತು. ಸಣ್ಣ ರೈತನ ಮನೆಗೆ ಅದರ ಫಲ ಮುಟ್ಟಿದ್ದು ಒಡೆತನ ಅವನ ಕೈ ಸೇರಿದ ಮೇಲೆ. ಐವತ್ತು ವರ್ಷದ ಚರಿತ್ರೆ ಕಲಿಸುವ ಮುಖ್ಯ ಪಾಠ ಇದು.

ಸಹಕಾರಕ್ಕೆ ಮೊದಲು (1954ರವರೆಗೆ)

ಹಳೆ ಮೈಸೂರಿನ ದನಗಳು ದುಡಿಮೆಗೆ ಹೆಸರಾದವು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪು ಸುಲ್ತಾನನ ಕಾಲಕ್ಕೆ ‘ಅಮೃತಮಹಲ್’ ಆಯಿತು. ಅಲ್ಲಿ ಬೆಳೆದ ಎತ್ತುಗಳು ಸೈನ್ಯದ ಸರಂಜಾಮು ಹೊತ್ತು ದೂರದೂರ ನಡೆದವು. ಹಳ್ಳಿಕಾರ್ ಎತ್ತಿನ ಜೋಡಿ ಉಳುಮೆಯಲ್ಲೂ ಗಾಡಿಯಲ್ಲೂ ಸಾಟಿಯಿಲ್ಲದ್ದು. ಆದರೆ ಹಸು ಕೊಡುತ್ತಿದ್ದ ಹಾಲು ಕಡಿಮೆ. ಕರು ಕುಡಿದು ಮಿಕ್ಕಿದ್ದು ಮನೆಯ ಮಜ್ಜಿಗೆಗೆ, ತುಪ್ಪಕ್ಕೆ ಸರಿಹೋಗುತ್ತಿತ್ತು.

ಪೇಟೆಯ ಸುತ್ತಮುತ್ತ ಹಾಲು ಮಾರುತ್ತಿದ್ದ ರೈತರಿಗೆ ಬೇರೆಯದೇ ಕಷ್ಟ. ರಾಗಿಯನ್ನು ಕಣಜದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಬೆಳಿಗ್ಗೆ ಕರೆದ ಹಾಲು ಮಧ್ಯಾಹ್ನದ ಬಿಸಿಲಿಗೆ ಒಡೆದುಹೋಗುತ್ತದೆ. ಹಾಗಾಗಿ ಕೊಳ್ಳುವವನು ಹೇಳಿದ್ದೇ ದರ, ಅವನ ಪಾತ್ರೆಯೇ ಅಳತೆ. ಮುಂಗಡ ಕೊಟ್ಟ ಹಾಲಿನ ವ್ಯಾಪಾರಿಗೆ ಹಸು ಬತ್ತುವ ತನಕ ಹಾಲು ಕೊಟ್ಟು ಸಾಲ ತೀರಿಸುವುದೇ ಎಷ್ಟೋ ಮನೆಗಳ ಪಾಡಾಗಿತ್ತು. ಗಟ್ಟಿ ಹಾಲು ಕೊಟ್ಟವನಿಗೂ ನೀರು ಬೆರೆಸಿದವನಿಗೂ ಒಂದೇ ದರ ಸಿಗುತ್ತಿದ್ದ ಕಡೆ ಒಳ್ಳೆಯ ಹಾಲು ಕೊಡಬೇಕೆಂಬ ಉಮೇದು ಉಳಿಯುವುದು ಹೇಗೆ?

ಇದೇ ಕಾಲದಲ್ಲಿ ಬೆಂಗಳೂರು ದೇಶದ ಹೈನು ವಿಜ್ಞಾನದ ಕೇಂದ್ರವಾಗಿ ಬೆಳೆಯುತ್ತಿತ್ತು. 1923ರಲ್ಲಿ ಇಲ್ಲಿ ಇಂಪೀರಿಯಲ್ ಪಶುಸಂಗೋಪನಾ ಮತ್ತು ಹೈನುಗಾರಿಕಾ ಸಂಸ್ಥೆ ಆರಂಭವಾಯಿತು. 1927ರಲ್ಲಿ ವಿಶ್ರಾಂತಿಗೆಂದು ಈ ಕಡೆ ಬಂದಿದ್ದ ಗಾಂಧೀಜಿ ಇಲ್ಲಿಗೆ ಭೇಟಿ ಕೊಟ್ಟು ಹೈನು ತಜ್ಞ ವಿಲಿಯಂ ಸ್ಮಿತ್ ಅವರಿಂದ ಗೋಪಾಲನೆಯ ಪಾಠ ಹೇಳಿಸಿಕೊಂಡರು. ಮುಂದೆ ಕ್ಷೀರಕ್ರಾಂತಿಯ ನೇತಾರರಾದ ವರ್ಗೀಸ್ ಕುರಿಯನ್ ಅವರೂ 1940ರ ದಶಕದಲ್ಲಿ ಇಲ್ಲೇ ತರಬೇತಿ ಪಡೆದರು. ಸಂಸ್ಥೆಯ ಮುಖ್ಯ ಕೇಂದ್ರ 1955ರಲ್ಲಿ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನದು ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

ಸಹಕಾರದ ಬೀಜವೂ ನಮ್ಮ ನೆಲದಲ್ಲಿ ಆಗಲೇ ಬಿದ್ದಿತ್ತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಪತ್ತಿನ ಸಂಘ ಕಟ್ಟಿದ್ದರು. ಹೀಗೆ ವಿಜ್ಞಾನ ಒಂದು ಕಡೆ, ಸಹಕಾರ ಇನ್ನೊಂದು ಕಡೆ ಬೆಳೆಯುತ್ತಿದ್ದವು. ಹಾಲಿನ ವಿಷಯದಲ್ಲಿ ಎರಡೂ ಸೇರಲು ಬಹಳ ವರ್ಷ ಹಿಡಿಯಿತು.

ಕುಡಿಗೆಯಿಂದ ಹೆಸರಘಟ್ಟಕ್ಕೆ (1955–1964)

ಇಂದಿನ ಕರ್ನಾಟಕದ ಮೊದಲ ಹಾಲು ಸಹಕಾರ ಸಂಸ್ಥೆ ಹುಟ್ಟಿದ್ದು 1955ರಲ್ಲಿ, ಕೊಡಗಿನ ಕುಡಿಗೆಯಲ್ಲಿ. ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯ. ಕಾವೇರಿ ದಂಡೆಯ ಆ ಸಣ್ಣ ಊರಿನ ಡೇರಿ ತನ್ನ ಗಾತ್ರಕ್ಕಿಂತ ದೊಡ್ಡ ಪಾಠ ಹೇಳಿಕೊಟ್ಟಿತು: ಸುತ್ತಲಿನ ರೈತರು ಒಂದೆಡೆ ಹಾಲು ಕೂಡಿಸಿದರೆ ಸಂಸ್ಕರಣೆಯೂ ಸಾಗಣೆಯೂ ಕೈಗೆಟಕುವ ಕೆಲಸವಾಗುತ್ತದೆ.

ಈ ದಾರಿಯಲ್ಲಿ ಮೊದಲು ನಡೆದ ದೇಶ ಡೆನ್ಮಾರ್ಕ್. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ಕೆನೆ ಬೇರ್ಪಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಅಂಥ ಯಂತ್ರವನ್ನು ಒಬ್ಬೊಬ್ಬ ರೈತ ಕೊಳ್ಳುವುದು ಆಗದ ಮಾತು. 1882ರಲ್ಲಿ ಯೆಡಿಂಗ್ ಎಂಬ ಹಳ್ಳಿಯ ರೈತರು ಕೂಡಿ ಸಹಕಾರಿ ಡೇರಿ ತೆರೆದರು. ಸಾಲಕ್ಕೆ ಎಲ್ಲರೂ ಹೊಣೆ, ಲಾಭದಲ್ಲಿ ಹಾಲು ಹಾಕಿದಷ್ಟು ಪಾಲು. ಮುಂದಿನ ಎರಡು ದಶಕಗಳಲ್ಲಿ ಆ ಪುಟ್ಟ ದೇಶದ ತುಂಬ ಸಾವಿರಕ್ಕೂ ಹೆಚ್ಚು ಸಹಕಾರಿ ಡೇರಿಗಳು ಎದ್ದವು.

ಡೆನ್ಮಾರ್ಕಿನ ಜೊತೆ ನಮಗೆ ನೇರ ನಂಟು ಬೆಳೆದದ್ದು 1960ರ ದಶಕದಲ್ಲಿ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಇಂಡೋ–ಡ್ಯಾನಿಶ್ ಯೋಜನೆಯಡಿ ತಳಿ ಸುಧಾರಣೆಯ ಕೆಲಸ ನಡೆಯಿತು. 1969ರಲ್ಲಿ ಘನೀಕೃತ ವೀರ್ಯ ಉತ್ಪಾದನೆಯ ಕೇಂದ್ರವೂ ಅಲ್ಲೇ ಬಂತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟ ವೀರ್ಯದ ಕಡ್ಡಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹೋರಿಯನ್ನು ಊರೂರಿಗೆ ಹೊಡೆದುಕೊಂಡು ಹೋಗುವ ತಾಪತ್ರಯ ತಪ್ಪಿ, ಉತ್ತಮ ತಳಿ ದೂರದ ಕೊಟ್ಟಿಗೆಯವರೆಗೂ ತಲುಪಿತು. ಕೋಲಾರದ ಕಡೆ ಸೀಮೆ ಹಸು ಸಾಕಣೆಗೆ ನಾಂದಿ ಹಾಡಿದವರೆಂದು, ಕೇಂದ್ರದಲ್ಲಿ ಕೃಷಿ ಖಾತೆಯ ಉಪಸಚಿವರಾಗಿದ್ದ ಎಂ.ವಿ. ಕೃಷ್ಣಪ್ಪ ಅವರನ್ನು ಆ ಭಾಗದ ರೈತರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಬೆಂಗಳೂರು ಡೇರಿ (1965–1973)

1964ರ ಅಕ್ಟೋಬರ್ 31ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಗುಜರಾತಿನ ಕೈರಾ ಜಿಲ್ಲೆಗೆ ಹೋಗಿದ್ದರು. ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ 1946ರಲ್ಲಿ ಹುಟ್ಟಿದ ಅಲ್ಲಿನ ಹಾಲು ಒಕ್ಕೂಟದ ಗುಟ್ಟು ತಿಳಿಯಬೇಕೆಂದು ಅಜರಪುರ ಎಂಬ ಹಳ್ಳಿಯಲ್ಲಿ ರೈತರ ನಡುವೆಯೇ ಒಂದು ರಾತ್ರಿ ತಂಗಿದರು. ಅಲ್ಲಿನ ಮಣ್ಣು, ಮಳೆ, ಎಮ್ಮೆಗಳಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ಡೇರಿ ರೈತರದೇ ಆಗಿತ್ತು, ವ್ಯತ್ಯಾಸ ಅಲ್ಲಿತ್ತು. ಆ ಮಾದರಿಯನ್ನು ದೇಶಕ್ಕೆಲ್ಲ ಹರಡುವ ಉದ್ದೇಶದಿಂದ 1965ರಲ್ಲಿ ಆ ಒಕ್ಕೂಟದ ನೆಲೆಯಾದ ಆನಂದ್‌ನಲ್ಲಿ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು.

ಅಜರಪುರದಲ್ಲಿ ತಂಗಿದ ಮೂರು ತಿಂಗಳೊಳಗೆ, 1965ರ ಜನವರಿಯಲ್ಲಿ, ಶಾಸ್ತ್ರಿಯವರು ಬೆಂಗಳೂರು ಡೇರಿಯನ್ನು ನಾಡಿಗೆ ಅರ್ಪಿಸಿದರು. ಯುನಿಸೆಫ್ ನೆರವಿನಿಂದ ಕಟ್ಟಿದ ಈ ಡೇರಿ ಆರಂಭದಲ್ಲಿ ದಿನಕ್ಕೆ 50,000 ಲೀಟರ್ ಹಾಲು ಸಂಸ್ಕರಿಸಬಲ್ಲದಾಗಿತ್ತು. ಊರ ಹೊರಗಿನ ವಿಶಾಲ ಆವರಣದಲ್ಲಿ ಎದ್ದ ಕಟ್ಟಡ ಇಂದು ನಗರದ ನಡುವೆ ಇದೆ. ‘ಡೇರಿ ಸರ್ಕಲ್’ ಎಂದರೆ ಗೊತ್ತಿಲ್ಲದ ಬೆಂಗಳೂರಿಗರಿಲ್ಲ. ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿದು, ಒಡನೆಯೇ 4 ಡಿಗ್ರಿಗೆ ತಂಪಾಗಿಸುವ ಪಾಶ್ಚರೀಕರಣದ ಯಂತ್ರಗಳು ಗೃಹಿಣಿಯರಿಗೆ ಶುದ್ಧ ಹಾಲಿನ ಭರವಸೆ ಕೊಟ್ಟವು. ಗಾಜಿನ ಬಾಟಲಿಯ ಹಾಲಿಗಾಗಿ ನಸುಕಿನಲ್ಲೇ ಬೂತಿನ ಮುಂದೆ ಸಾಲು ನಿಲ್ಲುವುದು ನಗರದ ದಿನಚರಿಯಾಯಿತು.

ಆದರೆ ಇದು ಸರ್ಕಾರದ ಡೇರಿ. ಪೇಟೆಗೆ ಹಾಲು ಪೂರೈಸುವುದು ಅದರ ಮುಖ್ಯ ಗುರಿ. ಇಲಾಖೆಯ ಅಧಿಕಾರಿಗಳು ನಿಷ್ಠೆಯಿಂದ ದುಡಿದರು. ಈ ಕಾಲದಲ್ಲಿ ತಯಾರಾದ ತಂತ್ರಜ್ಞರೇ ಮುಂದಿನ ಬೆಳವಣಿಗೆಗೆ ಆಧಾರವಾದರು. ಆದರೂ ಡೇರಿಯಲ್ಲಿ ರೈತನಿಗೆ ಪಾಲಿರಲಿಲ್ಲ, ದರ ಗೊತ್ತುಮಾಡುವಲ್ಲಿ ಅವನ ಮಾತಿಗೆ ಜಾಗವಿರಲಿಲ್ಲ. ಈ ಕೊರತೆ ತುಂಬುವ ಕೆಲಸ ಮುಂದಿನ ದಶಕಕ್ಕೆ ಉಳಿಯಿತು.

ಹಳ್ಳಿಗೆ ಬಂದ ಡೇರಿ (1974–1983)

1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನುಗಾರಿಕೆ ಅಭಿವೃದ್ಧಿ ಯೋಜನೆ ದೇಶದಲ್ಲೇ ಮೊದಲ ಬಾರಿಗೆ ಕರ್ನಾಟಕದಲ್ಲಿ ಜಾರಿಗೆ ಬಂತು. ಅದಕ್ಕಾಗಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ರಚನೆಯಾಯಿತು. 1975ರ ಕೊನೆಗೆ ಬೆಂಗಳೂರು ಡೇರಿಯೂ ನಿಗಮಕ್ಕೆ ಸೇರಿತು. ಹಳ್ಳಿಯಲ್ಲಿ ಸಂಘ, ಜಿಲ್ಲಾ ಮಟ್ಟದಲ್ಲಿ ಒಕ್ಕೂಟ, ರಾಜ್ಯಕ್ಕೊಂದು ಶಿಖರ ಸಂಸ್ಥೆ ಎಂಬ ಮೂರು ಹಂತದ ಆನಂದ್ ಮಾದರಿಯನ್ನೇ ಇಲ್ಲಿಯೂ ಅನುಸರಿಸಲಾಯಿತು.

ಕಾಲವೂ ಅನುಕೂಲವಾಗಿತ್ತು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆಯಿಂದ ಗೇಣಿದಾರರು ತುಂಡು ನೆಲದ ಒಡೆಯರಾಗುತ್ತಿದ್ದ ದಿನಗಳವು. ಒಂದೆರಡು ಎಕರೆ ಖುಷ್ಕಿಯಲ್ಲಿ ವರ್ಷಕ್ಕೊಮ್ಮೆ ಬರುವ ರಾಗಿ, ಹುರುಳಿಯಿಂದ ಸಂಸಾರ ಸಾಗುವುದು ಕಷ್ಟ. ಹಾಲಾದರೆ ದಿನಕ್ಕೆ ಎರಡು ಹೊತ್ತು ಬರುವ ಬೆಳೆ. ನೆಲವೇ ಇಲ್ಲದವರೂ ಹಸು ಕಟ್ಟಿ, ಬದುವಿನ ಹುಲ್ಲು ಕೊಯ್ದು ತಂದು ಸಂಘದ ಸದಸ್ಯರಾಗಬಹುದಿತ್ತು. ಹತ್ತು ಹಸುವಿನವರಿಗೂ ಒಂದು ಹಸುವಿನವರಿಗೂ ಸಂಘದಲ್ಲಿ ಒಂದೊಂದೇ ಮತ.

ಸಂಘದ ಕಟ್ಟಡ ಎಂದರೆ ಮೊದಮೊದಲು ಯಾರದೋ ಮನೆಯ ಜಗಲಿ, ಇಲ್ಲವೇ ದೇವಸ್ಥಾನದ ಪಡಸಾಲೆ. ಅಲ್ಲಿ ನಡೆಯುತ್ತಿದ್ದ ಹಾಲಿನ ಕೊಬ್ಬಿನ ಪರೀಕ್ಷೆಯನ್ನು ವಿವರವಾಗಿ ಹೇಳಬೇಕು. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ಮೆಲ್ಲಗೆ 10.75 ಮಿಲಿಲೀಟರ್ ಹಾಲು, ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ ಕುಲುಕಿದರೆ ಕೊಳವೆ ಕೈಸುಡುವಷ್ಟು ಬಿಸಿಯಾಗಿ, ಹಾಲು ಕಂದು ಬಣ್ಣಕ್ಕೆ ತಿರುಗುತ್ತದೆ. ಬಳಿಕ ಆ ಕೊಳವೆಗಳನ್ನು ತಿರುಗುಯಂತ್ರದಲ್ಲಿಟ್ಟು ಐದು ನಿಮಿಷ ತಿರುಗಿಸಬೇಕು. ಹೊರತೆಗೆದಾಗ ಕೊಳವೆಯ ಸಪೂರ ಕತ್ತಿನಲ್ಲಿ ಕೊಬ್ಬು ಹೊನ್ನಿನ ಬಣ್ಣದ ಗೆರೆಯಾಗಿ ಬೇರೆ ನಿಂತಿರುತ್ತದೆ. ಪಕ್ಕದ ಗುರುತು ನೋಡಿ ಫ್ಯಾಟ್ ಎಷ್ಟೆಂದು ಓದಿ, ಹಾಲು ಹಾಕಿದವರ ಪುಸ್ತಕದಲ್ಲಿ ಬರೆಯುತ್ತಿದ್ದರು.

ಹಳ್ಳಿಯ ಬಾಳಿನಲ್ಲಿ ಇದು ತಂದ ಬದಲಾವಣೆ ಸಣ್ಣದಲ್ಲ. ನೀರು ಬೆರೆಸಿದ್ದನ್ನು ಹಿಡಿಯುವ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬಾರದಿದ್ದರೆ ಊರ ಗೌಡರ ಮನೆಯ ಹಾಲೂ ವಾಪಸು. ಫ್ಯಾಟ್ ಚೆನ್ನಾಗಿ ಬಂದರೆ ಕೇರಿಯ ಕೊನೆಯ ಗುಡಿಸಿಲಿನ ಹಾಲಿಗೂ ಪೂರ್ತಿ ದರ. ಎಲ್ಲ ಜಾತಿಯವರ ಹಾಲೂ ಒಂದೇ ಕ್ಯಾನು ಸೇರಿತು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಇದೇ ಪರೀಕ್ಷೆಯನ್ನು ಖಾಸಗಿ ವ್ಯಾಪಾರಿ ನಡೆಸಿದ್ದರೆ ರೈತರು ನಂಬುತ್ತಿದ್ದರೋ ಇಲ್ಲವೋ. ಪರೀಕ್ಷೆ ಮಾಡುವ ಕಾರ್ಯದರ್ಶಿ ತಮ್ಮೂರಿನವನೇ, ಅವನನ್ನು ನೇಮಿಸಿದ್ದು ತಾವೇ ಆರಿಸಿದ ಮಂಡಳಿ, ಲೆಕ್ಕಪತ್ರ ವಾರ್ಷಿಕ ಸಭೆಯಲ್ಲಿ ಎಲ್ಲರ ಮುಂದೆ. ಆದ್ದರಿಂದಲೇ ಕೊಳವೆಯ ಗೆರೆಗೆ ಬೆಲೆ ಬಂತು. ಬಟವಾಡೆ ತಪ್ಪದೆ ಬರತೊಡಗಿದಾಗ ಅಂಗಡಿ ಸಾಲಕ್ಕೂ ಮಕ್ಕಳ ಶಾಲೆಗೂ ಒಂದು ದಾರಿಯಾಯಿತು.

ಕರಾವಳಿಯಲ್ಲಿ, ಕೇಂದ್ರ ಸಚಿವರಾಗಿದ್ದ ಟಿ.ಎ. ಪೈ ಅವರ ಪ್ರೇರಣೆಯಿಂದ ಮಣಿಪಾಲದಲ್ಲಿ ಕೆನರಾ ಮಿಲ್ಕ್ ಯೂನಿಯನ್ ಹುಟ್ಟಿದ್ದೂ ಇದೇ ದಶಕದಲ್ಲಿ. ಹಾಲಿಗಾಗಿ ಘಟ್ಟದ ಮೇಲಿನ ಕಡೆ ನೋಡುತ್ತಿದ್ದ ಜಿಲ್ಲೆ ನಿಧಾನವಾಗಿ ತನ್ನ ಕಾಲ ಮೇಲೆ ನಿಂತಿತು.

ಮಹಾಮಂಡಳದ ಹುಟ್ಟು (1984–1996)

1984ರಲ್ಲಿ ನಿಗಮದ ಜಾಗಕ್ಕೆ ಕರ್ನಾಟಕ ಹಾಲು ಮಹಾಮಂಡಳ ಬಂತು. ಹಳ್ಳಿ ಸಂಘದಿಂದ ಶಿಖರದವರೆಗೆ ಸಹಕಾರದ ಮೆಟ್ಟಿಲು ಆಗ ಪೂರ್ತಿಯಾಯಿತು. ಸರ್ಕಾರಿ ವ್ಯವಸ್ಥೆಯಿಂದ ಚುನಾಯಿತ ವ್ಯವಸ್ಥೆಗೆ ಹೊರಳುವಾಗ ಅಭಿಪ್ರಾಯಭೇದಗಳು ಬಂದದ್ದು ಸಹಜ. ಅಧಿಕಾರಿಗಳ ಅನುಭವಕ್ಕೆ ಎಷ್ಟು ಮನ್ನಣೆ, ಆಡಳಿತ ಮಂಡಳಿಯ ತೀರ್ಮಾನಕ್ಕೆ ಎಷ್ಟು ಅಧಿಕಾರ ಎಂಬ ಚರ್ಚೆ ಹಲವು ಸಭೆಗಳಲ್ಲಿ ನಡೆಯಿತು. ಹಾಲು ಹೆಚ್ಚಿರುವ ಒಕ್ಕೂಟಗಳಿಗೂ ಮಾರುಕಟ್ಟೆ ಹೆಚ್ಚಿರುವ ಒಕ್ಕೂಟಗಳಿಗೂ ದರದ ವಿಚಾರದಲ್ಲಿ ಒಮ್ಮತ ಮೂಡಲು ಸಮಯ ಬೇಕಾಯಿತು. ಎರಡೂ ಕಡೆಯವರು ತಾಳ್ಮೆಯಿಂದ ನಡೆದುಕೊಂಡಿದ್ದರಿಂದ ಸಂಸ್ಥೆ ಒಡೆಯಲಿಲ್ಲ.

ರಾಷ್ಟ್ರೀಯ ಮಂಡಳಿ ದೇಶದಾದ್ಯಂತ ನಡೆಸಿದ, ‘ಕ್ಷೀರ ಮಹಾಪೂರ’ ಎಂದು ಹೆಸರಾದ ಆಪರೇಷನ್ ಫ್ಲಡ್ ಯೋಜನೆಯ ಎರಡು ಮತ್ತು ಮೂರನೆಯ ಹಂತಗಳ ನೆರವು 1996ರವರೆಗೆ ದೊರೆಯಿತು. ಯೋಜನೆ ಉತ್ತರದ ಜಿಲ್ಲೆಗಳಿಗೂ ಹಬ್ಬಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ, ರಾಯಚೂರು–ಬಳ್ಳಾರಿ ಕಡೆ ನೀರು, ಮೇವು ಎರಡಕ್ಕೂ ಬರ. ಅಲ್ಲಿ ಬೆಳವಣಿಗೆ ದಕ್ಷಿಣದಷ್ಟು ವೇಗವಾಗಿ ಆಗಲಿಲ್ಲ. ಆದರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಆಧಾರವಾಗಿದ್ದು ಹಾಲಿನ ದುಡ್ಡೇ ಎಂಬ ಮಾತು ಆ ಭಾಗದ ಸಂಘಗಳಲ್ಲಿ ಕೇಳಿಬರುತ್ತದೆ.

ಹಸು ಹಾಲು ಕೊಡಬೇಕಾದರೆ ಹೊಟ್ಟೆಗೆ ಬೀಳಬೇಕು. ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನಗಳ ಪಶು ಆಹಾರ ಘಟಕಗಳು ಬರೀ ಹುಲ್ಲು, ಬೂಸದ ಮೇಲೆ ನಿಂತಿದ್ದ ಸಾಕಣೆಗೆ ಸಮತೋಲನದ ಹಿಂಡಿ ಒದಗಿಸಿದವು. ಕೃತಕ ಗರ್ಭಧಾರಣೆ, ಪಶುವೈದ್ಯಕೀಯ ನೆರವು, ಮೇವಿನ ಬೀಜ ಎಲ್ಲವೂ ಸಂಘದ ಬಾಗಿಲಲ್ಲೇ ಸಿಗತೊಡಗಿದವು. ಪೇಟೆಯಲ್ಲಿ ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಪೊಟ್ಟಣ ಬಂತು. ವಸಿಷ್ಠರ ಆಶ್ರಮದ ಹಸುವಿನ ಹೆಸರು ಹೊತ್ತ ‘ನಂದಿನಿ’ ಮನೆಮಾತಾಯಿತು.

ತಾಯಂದಿರು ಮುಂದೆ ಬಂದ ಕಾಲ (1997–2012)

ಕೊಟ್ಟಿಗೆ ಗುಡಿಸಿ, ಮೇವು ಹಾಕಿ, ಹಾಲು ಕರೆಯುವ ಕೆಲಸದ ಬಹುಪಾಲು ಹೆಣ್ಣುಮಕ್ಕಳದು. ಸಂಘದ ಪುಸ್ತಕದಲ್ಲಿ ಮಾತ್ರ ಬಹಳ ಕಾಲ ಗಂಡಸರ ಹೆಸರೇ ಇತ್ತು. 1990ರ ದಶಕದ ಕೊನೆಯ ವರ್ಷಗಳಲ್ಲಿ ಮಹಿಳೆಯರ ತರಬೇತಿ, ಉದ್ಯೋಗಕ್ಕೆಂದು ಇದ್ದ ಕೇಂದ್ರದ ‘ಸ್ಟೆಪ್’ ಯೋಜನೆಯ ನೆರವಿನಿಂದ ಮಹಿಳಾ ಸಂಘಗಳು ಹುಟ್ಟಿದವು. ಅಧ್ಯಕ್ಷೆ, ಕಾರ್ಯದರ್ಶಿ, ಪರೀಕ್ಷಕಿ ಎಲ್ಲರೂ ಹೆಂಗಸರೇ. ಬಟವಾಡೆ ನೇರವಾಗಿ ಅವರ ಕೈ ಸೇರಿದಾಗ ಮನೆಯ ಖರ್ಚಿನಲ್ಲಿ ಅವರ ಮಾತಿಗೆ ತೂಕ ಬಂತು. ಇಂದು ಇಂಥ ಸಂಘಗಳು ಸಾವಿರಕ್ಕೂ ಮಿಕ್ಕಿ ಇವೆ.

ತಂತ್ರಜ್ಞಾನದಲ್ಲೂ ಇದು ಹೊಸ ಘಟ್ಟ. ಕ್ಯಾನಿನಲ್ಲಿ ಲಾರಿ ಏರಿ ಶೀತಲ ಕೇಂದ್ರ ಮುಟ್ಟುವಷ್ಟರಲ್ಲಿ ಬೇಸಿಗೆಯ ಹಾಲು ಹುಳಿಯಾಗುವುದಿತ್ತು. ಅದರ ನಷ್ಟ ಸಂಘದ ತಲೆಗೆ. ಹಳ್ಳಿಗಳಲ್ಲೇ ಹಾಲು ತಂಪಾಗಿಸುವ ಬಿ.ಎಂ.ಸಿ. (ಬಲ್ಕ್ ಮಿಲ್ಕ್ ಕೂಲರ್) ತೊಟ್ಟಿಗಳು ಬಂದ ಮೇಲೆ ಹಾಲು ಸುತ್ತಲ ಊರುಗಳಿಂದ ಬೇಗ ಬಂದು 4 ಡಿಗ್ರಿಗೆ ಇಳಿಯಿತು, ಅಲ್ಲಿಂದ ಟ್ಯಾಂಕರಿನಲ್ಲಿ ಡೇರಿಗೆ ಹೊರಟಿತು. ಆಮ್ಲದ ಕೊಳವೆಗಳ ಬದಲು ವಿದ್ಯುನ್ಮಾನ ಪರೀಕ್ಷಾ ಯಂತ್ರ, ಕೈಬರಹದ ಬದಲು ಅಚ್ಚಾದ ಚೀಟಿ ಬಂತು. ಫ್ಯಾಟ್ ಜೊತೆಗೆ ಎಸ್.ಎನ್.ಎಫ್. (ಕೊಬ್ಬಲ್ಲದ ಘನಾಂಶ) ಕೂಡ ಲೆಕ್ಕಕ್ಕೆ ಸೇರಿ, ಹಸುವಿನ ಹಾಲಿಗೆ ಶೇ 3.5 ಫ್ಯಾಟ್, ಶೇ 8.5 ಎಸ್.ಎನ್.ಎಫ್. ಎಂಬ ಅಳತೆ ರೈತರ ಬಾಯಲ್ಲಿ ನಿಂತಿತು.

2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ ₹2 ಪ್ರೋತ್ಸಾಹಧನ ಆರಂಭಿಸಿತು. ಮುಂದಿನ ಸರ್ಕಾರಗಳೂ ಅದನ್ನು ಹೆಚ್ಚಿಸುತ್ತ ಬಂದವು. ಹಾಲು ಉಕ್ಕಿ ಬಂತು. ಮಳೆಗಾಲದ ಹಸಿರು ಮೇವಿನ ತಿಂಗಳುಗಳಲ್ಲಿ ಪುಡಿ ಮಾಡುವ ಘಟಕಗಳೂ ಸಾಲದೆ, ಕೆಲವೆಡೆ ಹಾಲು ಕೊಳ್ಳದೆ ‘ಹಾಲಿಗೆ ರಜೆ’ ಕೊಡಬೇಕಾದ ದಿನಗಳೂ ಬಂದವು. ಸದಸ್ಯರಿಗೆ ಆಗ ನೋವಾಗಿದ್ದು ನಿಜ. ‘ನೀವು ಎಷ್ಟು ಕರೆದರೂ ನಾವು ಕೊಳ್ಳುತ್ತೇವೆ’ ಎಂಬ ಮಾತೇ ಸಹಕಾರಕ್ಕೆ ಅಡಿಪಾಯ. ಅದನ್ನು ಉಳಿಸಿಕೊಳ್ಳಲು ಪುಡಿ ಘಟಕಗಳ ಸಾಮರ್ಥ್ಯವನ್ನು ಹೆಚ್ಚಿಸಲಾಯಿತು, ಬಹುದಿನ ಕೆಡದ ‘ಗುಡ್‌ಲೈಫ್’ ಹಾಲು, ಮೊಸರು, ಸಿಹಿತಿಂಡಿಗಳ ಮಾರುಕಟ್ಟೆಯನ್ನು ವಿಸ್ತರಿಸಲಾಯಿತು.

ಶಾಲೆಯ ಲೋಟದಿಂದ ಒಂದು ಕೋಟಿ ಲೀಟರಿಗೆ (2013–2024)

2013ರ ಆಗಸ್ಟ್ 1ರಂದು ‘ಕ್ಷೀರಭಾಗ್ಯ’ ಜಾರಿಗೆ ಬಂತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ, ಅಂಗನವಾಡಿಗಳ ಮಕ್ಕಳಿಗೆ ತಲಾ 150 ಮಿಲಿಲೀಟರ್ ಬಿಸಿ ಹಾಲು. ಕೆನೆಭರಿತ ಹಾಲಿನ ಪುಡಿಯನ್ನು ಮಹಾಮಂಡಳ ಪೂರೈಸಿತು. ಮೊದಲು ವಾರಕ್ಕೆ ಮೂರು ದಿನವಿದ್ದುದು ಬಳಿಕ ಐದು ದಿನವಾಯಿತು. ಹೆಚ್ಚುವರಿ ಹಾಲಿಗೆ ನೆಲೆ ಸಿಕ್ಕಿತು, ಅಪೌಷ್ಟಿಕತೆಯ ವಿರುದ್ಧ ಒಂದು ಸಾಧನವೂ ದೊರೆಯಿತು. ಹಾಲು ಹಾಕುವ ಮನೆಯ ಮಗುವಿಗೇ ಹಾಲು ಸಿಗದ ಸ್ಥಿತಿ ನಮ್ಮ ಹಳ್ಳಿಗಳಲ್ಲಿ ಇತ್ತು ಎಂಬುದನ್ನು ನೆನೆದರೆ ಈ ಯೋಜನೆಯ ಬೆಲೆ ತಿಳಿಯುತ್ತದೆ.

2020ರ ಲಾಕ್‌ಡೌನ್ ಸಹಕಾರಕ್ಕೆ ಎದುರಾದ ದೊಡ್ಡ ಪರೀಕ್ಷೆ. ಹೋಟೆಲು, ಮದುವೆ ಮನೆ ಎಲ್ಲ ಬಂದ್ ಆದರೂ ಹಳ್ಳಿಗಳಲ್ಲಿ ಹಾಲು ಅಳೆಯುವ ಕೆಲಸ ನಿಲ್ಲಲಿಲ್ಲ. ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಹಂಚಿತು. 2022ರಲ್ಲಿ ಚರ್ಮಗಂಟು ರೋಗ ಕೊಟ್ಟಿಗೆಗಳಿಗೆ ನುಗ್ಗಿದಾಗ ಲಸಿಕೆಯ ಕೆಲಸಕ್ಕೆ ಸಂಘಗಳ ಜಾಲ ನೆರವಾಯಿತು. 2024ರ ಜೂನ್ ಕೊನೆಯಲ್ಲಿ ಮಹಾಮಂಡಳದ ದಿನದ ಸಂಗ್ರಹ ಮೊದಲ ಬಾರಿಗೆ ಒಂದು ಕೋಟಿ ಲೀಟರ್ ದಾಟಿತು. ದಿನಕ್ಕೆ 50,000 ಲೀಟರಿನ ಡೇರಿಯಿಂದ ಹೊರಟ ನಾಡು ಮುಟ್ಟಿದ ಮೈಲಿಗಲ್ಲು ಇದು.

ಮುಂದಿನ ಹೊಣೆ

ಹಿಂಡಿಯ ಬೆಲೆ ಏರುತ್ತಿದೆ. ಓದಿದ ಮಕ್ಕಳು ಪೇಟೆ ಸೇರಿ, ಕೊಟ್ಟಿಗೆಯ ಕೆಲಸ ವಯಸ್ಸಾದವರ ಮೇಲೆ ಬೀಳುತ್ತಿದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ರಸಮೇವು, ಬಹುಪಾಲು ಹೆಣ್ಣುಗರುವನ್ನೇ ಕೊಡುವ ಲಿಂಗ ವಿಂಗಡಿತ ವೀರ್ಯ ಹೀಗೆ ಹೊಸ ತಂತ್ರಜ್ಞಾನಗಳು ಬರುತ್ತಲೇ ಇವೆ. ಇವು ದೊಡ್ಡ ಬಂಡವಾಳದವರಿಗೆ ಬೇಗ ಒಗ್ಗುತ್ತವೆ. ಒಂದೆರಡು ಹಸುವಿನ ಮನೆಗೆ ತಲುಪಬೇಕಾದರೆ ಸಂಘವೇ ಕೊಂಡು, ಸಂಘವೇ ಹಂಚಿ, ಸಂಘವೇ ರಿಪೇರಿ ಮಾಡಿಸಬೇಕು. ಯೆಡಿಂಗ್‌ನ ರೈತರು ಕೂಡಿ ಯಂತ್ರ ಕೊಂಡದ್ದೂ, ನಮ್ಮ ಹಳ್ಳಿಗಳಿಗೆ ಬ್ಯುಟಿರೋಮೀಟರ್ ಬಂದದ್ದೂ ಇದೇ ದಾರಿಯಲ್ಲಿ.

ಒಡೆತನವನ್ನು ಕಾಗದದ ಮೇಲೆ ಮಾತ್ರ ಉಳಿಸಿಕೊಂಡರೆ ಸಾಲದು. ವಾರ್ಷಿಕ ಸಭೆಗೆ ಸದಸ್ಯರು ಬರಬೇಕು, ಲೆಕ್ಕ ಕೇಳಬೇಕು. ಚೀಟಿಯಲ್ಲಿ ಅಚ್ಚಾದ ಫ್ಯಾಟ್ ಬಗ್ಗೆ ಅನುಮಾನ ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಎನ್ನುವ ಧೈರ್ಯ ತೀರಾ ಬಡ ಸದಸ್ಯೆಗೂ ಇರಬೇಕು, ಕಾರ್ಯದರ್ಶಿ ಅದನ್ನು ಆಕೆಯ ಹಕ್ಕೆಂದು ಒಪ್ಪಬೇಕು. ಒಕ್ಕೂಟದ ಚುನಾವಣೆಗಳಲ್ಲಿ ಹಾಲಿನ ವಿಚಾರವೇ ಮುಂದಿರಬೇಕು. ಕಳೆದ ಐವತ್ತು ವರ್ಷಗಳಲ್ಲಿ ಹಳ್ಳಿ ಸಂಘಗಳ ಕಾರ್ಯದರ್ಶಿಗಳು, ಪರೀಕ್ಷಕರು, ಗರ್ಭಧಾರಣಾ ಕಾರ್ಯಕರ್ತರು, ಟ್ಯಾಂಕರ್ ಚಾಲಕರು, ಡೇರಿಯ ರಾತ್ರಿ ಪಾಳಿಯ ಕಾರ್ಮಿಕರು, ಎಲ್ಲಕ್ಕಿಂತ ಮಿಗಿಲಾಗಿ ನಸುಕಿನಲ್ಲೆದ್ದು ಹಾಲು ಕರೆದ ಲಕ್ಷಾಂತರ ತಾಯಂದಿರು ಈ ಸಂಸ್ಥೆಯನ್ನು ಕಟ್ಟಿದ್ದಾರೆ. ಅವರ ದುಡಿಮೆಯ ಬೆಲೆ ಅವರ ಕಣ್ಣೆದುರೇ, ಅವರದೇ ಸಂಘದಲ್ಲಿ ಗೊತ್ತಾಗುವ ತನಕ ಕರ್ನಾಟಕದ ಹಾಲು ಸಹಕಾರಕ್ಕೆ ಅಳುಕಿಲ್ಲ. ಆ ವ್ಯವಸ್ಥೆಯನ್ನು ಇನ್ನಷ್ಟು ಬಲಪಡಿಸಿ ಮುಂದಿನ ಪೀಳಿಗೆಗೆ ಒಪ್ಪಿಸುವುದೇ ಈ ಸುವರ್ಣ ಸಂದರ್ಭದಲ್ಲಿ ನಾವೆಲ್ಲ ತೊಡಬೇಕಾದ ಸಂಕಲ್ಪ.